ಮಂಗಳವಾರದ ಚೀಲ

ಬಾಗಿಲ ಗಂಟೆ ಅಲ್ಲಾಡಿತು. ಫಾರ್ಕರ್ ಬಂದ,
ಹಿಂದೆಯೇ ಡಿಂಗ್ವಾಲಿನ ಗಾಳಿ.
ಕಿಲ್ಟ್ ಮೇಲೆ ಬಸ್ ಕಂಪನಿಯ ಹಳೇ ಕೋಟು.
ಮೂವತ್ತು ವರ್ಷ ಇನ್ವರ್ನೆಸ್ ಬಸ್ಸು ಓಡಿಸಿದವನು,
ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆಂದು ಇನ್ನೂ ನಂಬಿದ್ದಾನೆ.

"ಇಶ್ಬೆಲ್, ಒಂದು ಸ್ಪೋರನ್ ಬೇಕು.
ಮದುವೆಗಲ್ಲ, ಸಾವಿಗಲ್ಲ, ಪೈಪು ಊದೋ ಮೆರವಣಿಗೆಗಲ್ಲ.
ಮಂಗಳವಾರಕ್ಕೆ."

ಈ ಅಂಗಡಿಯಲ್ಲಿ ಅಪ್ಪ ಕೂತದ್ದು ನಲವತ್ತು ವರ್ಷ, ನಾನು ಇಪ್ಪತ್ತೆರಡು.
ವಾರದ ಹೆಸರು ಹೇಳಿ ಚರ್ಮ ಕೇಳಿದವರಿಲ್ಲ.

ಅವನ ಹಳೆಯದು ನನಗೆ ಗೊತ್ತು. ಸೀಲ್ ತೊಗಲು,
ಬೆಳ್ಳಿ ಬಾಯಿ, ಮೂರು ಕುಚ್ಚು;
ನಡೆದರೆ ಮೂರೂ ಮೂರು ಥರ ಸಾಕ್ಷಿ ಹೇಳುತ್ತವೆ.
ಅದನ್ನು ಕಟ್ಟಿಕೊಂಡು ಆಲೂಗಡ್ಡೆ ತರಲು ಹೋದರೆ
ಇವತ್ತು ಯಾರ ಮದುವೆ ಅನ್ನುತ್ತಾಳೆ ತರಕಾರಿಯವಳು.
ಆಲೂಗಡ್ಡೆಗೂ ಮುಜುಗರ.

ನೋಡು, ಅಂದೆ, ಕಿಲ್ಟಿಗೆ ಜೇಬಿಲ್ಲ.
ಎಂಟು ಗಜ ಉಣ್ಣೆ, ಲೆಕ್ಕ ಹಾಕಿ ಹಿಡಿದ ನಿರಿಗೆ,
ಇಷ್ಟೆಲ್ಲ ಮಾಡಿದ ಬುದ್ಧಿವಂತ
ಬೀಗದ ಕೈ ಇಡುವ ಜಾಗ ಮರೆತ.
ಆ ಮರೆವಿನಿಂದಲೇ ನಮ್ಮನೆ ಒಲೆ ಉರಿಯುತ್ತಿದೆ.
ಏನೇನು ಹೊರುತ್ತೀ, ಸುರಿ ಮೊದಲು.

ಕೋಟಿನ ಕಿಸೆ ಬೋರಲು ಹಾಕಿದ:
ಬೀಗದ ಕೈ ಎರಡು, ಬಸ್ ಪಾಸು (ಈಗ ಅವನೂ ಪ್ರಯಾಣಿಕ),
ಕಿವಿಯ ಯಂತ್ರಕ್ಕೆ ಗುಂಡಿಯಷ್ಟು ಬ್ಯಾಟರಿ,
ಪೆಪ್ಪರ್‌ಮಿಂಟು ಅಂಟಿದ ಹತ್ತು ಪೌಂಡಿನ ನೋಟು,
ಒಂದು ತಿರುಪು ಮೊಳೆ. "ಎಲ್ಲಿಯದೋ, ಬೇಕಾದೀತು."
ಮೊಬೈಲು ಮಾತ್ರ ದೊಡ್ಡದು, ಮಗಳು ಕೊಡಿಸಿದ್ದು.
ಅದು ಮನೆಯಲ್ಲೇ ಇರಲಿ, ಅಂದ. ಸ್ವಲ್ಪ ಬೇಗನೇ ಅಂದ.

ಕಪ್ಪು ತೋರಿಸಿದೆ. "ಪಾದ್ರಿ ಕಂಡ ಹಾಗಿದೆ."
ಕುದುರೆಗೂದಲಿನದು. "ನನಗಿಂತ ಗಡ್ಡ ಬಿಟ್ಟಿದೆ."
ಬಳ್ಳಿಗಂಟಿನ ಉಬ್ಬು ಕೆತ್ತನೆ. "ಪ್ರವಾಸಿಗರಿಗಿರಲಿ."
ಕೊನೆಗೆ ಕೆಳಗಿನ ಖಾನೆಯಿಂದ ಒಂದು ಕಂದು ಹಸುವಿನ ತೊಗಲು,
ಕುಚ್ಚಿಲ್ಲ, ಬೆಳ್ಳಿಯಿಲ್ಲ, ಹಿತ್ತಾಳೆಯ ಒಂದೇ ಗುಬ್ಬಿ,
ಮುಚ್ಚಳದ ಮೇಲೆ ಬೇಲಿ ತಂತಿ ಗೀರಿದ ಗುರುತು,
ಹಸು ಬದುಕಿದ್ದಾಗಿನದು.
ಅದಕ್ಕೇ ಯಾರೂ ಕೊಂಡಿರಲಿಲ್ಲ.
ಆ ಗೀರಿನ ಮೇಲೆ ಬೆರಳಾಡಿಸಿದ. ಬೆಲೆ ಕೇಳಲಿಲ್ಲ.

ಇನ್ನು ಪಟ್ಟಿ. ಇಲ್ಲಿ ಜಗಳ.
ಅವನಿಗೆ ಸರಪಳಿಯೇ ಬೇಕು, ಅಪ್ಪನದು ಸರಪಳಿಯಂತೆ.
ತಿರುಗು, ಅಂದೆ.
ಬೆನ್ನ ಕೆಳಗೆ, ನಿರಿಗೆಗಳ ನೆತ್ತಿಯಲ್ಲಿ,
ಸರಪಳಿ ತಿಂದ ಉಣ್ಣೆ:
ಹಸಿರು ಸವೆದು ಬೂದಿ, ಬೂದಿ ಸವೆದು ಬರೀ ನೂಲು.
ಅಪ್ಪನ ಕಿಲ್ಟೇ ಅದು.
ಕನ್ನಡಿಗೆ ಕಾಣದ ಜಾಗ; ಹಿಂದೆ ನಿಂತವರೇ ಹೇಳಬೇಕು.
ಮೋರಾಗ್ ತಂಗಿಯ ಜೊತೆ ಇರುತ್ತೇನೆಂದು ನೇರ್ನ್‌ಗೆ ಹೋಗಿ
ಆರು ವರ್ಷ.
ನಾನು ಉಣ್ಣೆಯ ಮಾತಷ್ಟೇ ಆಡಿದೆ.

ಚರ್ಮದ ಪಟ್ಟಿಯನ್ನು ಕುಣಿಕೆಗಳಲ್ಲಿ ತೂರಿಸಿ ಅಳೆದೆ.
ಬಕಲಿನಿಂದ ಒಂದು ಅಂಗೈ ಅಗಲ ಕೆಳಗೆ, ಅಷ್ಟೇ.
ಮೇಲೆ ಕಟ್ಟಿದರೆ ಹೊಟ್ಟೆ ಬಂದು ಅದರ ಮೇಲೆ ಕೂರುತ್ತದೆ,
ಕೆಳಗೆ ಬಿಟ್ಟರೆ ಹೆಜ್ಜೆಗೊಮ್ಮೆ ಬಾಗಿಲು ತಟ್ಟುತ್ತದೆ,
ಮನೆಯಲ್ಲಿ ಯಾರಿಲ್ಲದಿದ್ದರೂ.
ನಕ್ಕ. ಕಿವಿಯ ಯಂತ್ರ ಸರಿಯಾಗೇ ಇದೆ ಹಾಗಾದರೆ.

ಯಾವ ತೂತಿಗೆ? ಐದಿವೆ.
ನಡುವಿನದಕ್ಕೆ, ಅಂದೆ. ಎರಡೂ ಕಡೆ ಜಾಗವಿರಲಿ,
ಉಬ್ಬುವುದಕ್ಕೂ ಸೊರಗುವುದಕ್ಕೂ.

ಹೊಸ ಚರ್ಮ ಕಿರ್ರೆಂದಿತು. ಒಂದೊಂದೇ ತುಂಬಿದ,
ತಿರುಪು ಮೊಳೆ ಮೊದಲು.
ಚಿಲ್ಲರೆ ಎಣಿಸುತ್ತ ಕೇಳಿದೆ, ಮಂಗಳವಾರ ಏನಿದೆಯೋ?
"ಏನೂ ಇಲ್ಲ," ಅಂದ. "ಅದಕ್ಕೇ."

ಹೋದ. ಬಾಗಿಲು ತೆರೆದೇ ಇತ್ತು.
ಹಾಕಲು ಎದ್ದವಳು ನೋಡಿದೆ:
ಬೀದಿಯ ತುದಿಯಲ್ಲಿ ಬಸ್ಸಿಗೆ ಓಡುತ್ತ
ಚೀಲವನ್ನು ಸೊಂಟದ ಪಕ್ಕಕ್ಕೆ ಸರಿಸಿಕೊಂಡ,
ಇಲ್ಲಾ ಗಾಳಿಯೇ ಸರಿಸಿತೋ.

ಇವತ್ತು ಗುರುವಾರ.
ನಾನು ಜ್ಞಾಪಿಸಲಿಲ್ಲ.