ಷರಾ

ಸೇತುವೆಯ ಈಚೆ ದಡದ ಶಾಲೆಯನ್ನು
ಏಪ್ರಿಲ್‌ನಲ್ಲೇ ಅಳೆದಿದ್ದೆ.
ಟೇಪಿನ ಒಂದು ತುದಿ ಉಗ್ರಾಣಿ ದೂಮಪ್ಪನ ಹೆಬ್ಬೆರಳಡಿ,
ಇನ್ನೊಂದು ನನ್ನ ಕೈಯಲ್ಲಿ.
ತಲೆಗೆ ಮೂರೂವರೆ ಚದರ ಮೀಟರು,
ಚಾಪೆ ನೂರು, ಬಕೆಟ್ಟು ಹನ್ನೆರಡು, ಕೊಠಡಿ ಐದು.
ಭಾಗಾಕಾರ ಸರಿಹೋಗಿತ್ತು.
ತಹಶೀಲ್ದಾರರು ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದರು.

ದೂಮಪ್ಪ ಮಾತ್ರ ಟೇಪು ಸುತ್ತುತ್ತ ಕೇಳಿದ:
"ಮೇಡಂ, ಬಲೆ ಎಲ್ಲಿ ಮಲಗುದು?"

ನಾನು ಜೋಳದ ಸೀಮೆಯವಳು. ನಗು ಬಂತು.

ಮೇ ತಿಂಗಳ ಗಾಳಿ ಬಂದದ್ದು ಶುಕ್ರವಾರ.
ಪಡುಕೆರೆ ಗೊತ್ತಲ್ಲ, ಮುಂಬಾಗಿಲಿಗೆ ಕಡಲು, ಹಿತ್ತಿಲಿಗೆ ಹೊಳೆ,
ನಡುವೆ ಒಂದೇ ರಸ್ತೆ.
ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಹೋಯಿತು.

ಮೊದಲು ಬಂದದ್ದು ಬಲೆಯೇ.
ಸಂಕಪ್ಪ ತಿಂಗಳಾಯನ ಟೆಂಪೋ ಇಳಿದು
ನಾಲ್ಕು ಜನರ ಜಾಗ ಹಿಡಿದು
ಒಂದನೇ ತರಗತಿಯ ಕರಿಹಲಗೆಯಡಿ ಒರಗಿತು.
ಆಮೇಲೆ ಬೀಪಾತುಮ್ಮನ ಬುಟ್ಟಿಯಲ್ಲಿ ಆರು ಕೋಳಿ.
ಹೊಸ ಕಟ್ಟಡದ ಶೆಡ್ಡಿನಿಂದ ಕೊಪ್ಪಳದ ಹನ್ನೊಂದು ಮಂದಿ,
ಚೀಲದಲ್ಲಿ ಕರಣಿ, ತೂಗುಗುಂಡು.
ಕೊನೆಗೆ, ನಾಲ್ಕು ಸಲ ಕರೆಸಿಕೊಂಡು, ಲಚ್ಚು ಮರಕಾಲ್ತಿ.
ಬಾಗಿಲಿಗೆ ಹಾಕಬೇಕಾದ ಬೀಗ ಅವಳ ಕೈಯಲ್ಲೇ ಇತ್ತು.
"ಹಾಕಿದ್ರೆ ಕಡಲು ಒಡೆದು ಬರ್ತದೆ.
ತೆರೆದಿಟ್ಟರೆ ನೋಡಿ ಹೋಗ್ತದೆ."

ಎಂಬತ್ತಮೂರು. ಹಲಗೆಯ ಮೇಲೆ ಬರೆದೆ.

ಗೋದಾಮಿನಿಂದ ಬಂದದ್ದು ಬೆಳ್ತಿಗೆ ಅಕ್ಕಿ.
ಬಿಸಿಯೂಟದ ಬೆನೆಡಿಕ್ಟಾ ಬಾಯಿ ಅಂಗೈಯಲ್ಲಿ ಉಜ್ಜಿ ನೋಡಿ
"ಇದರ ಗಂಜಿ ಗಂಟಲಲ್ಲಿ ಇಳಿಯುದಿಲ್ಲ" ಎಂದು
ತನ್ನ ಮನೆಯ ಕುಚ್ಚಲಕ್ಕಿ ತರಿಸಿದಳು.
ದಾಸ್ತಾನು ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಷರಾ ಎಂಬಲ್ಲಿ ‘ಗಂಟಲು’ ಎಂದಷ್ಟೇ ಬರೆದೆ.
ಕೊಪ್ಪಳದ ಮುದುಕ ಬಟ್ಟಲು ಮೂಸಿ ನನ್ನತ್ತ ನೋಡಿದ:
"ರೊಟ್ಟಿ ಇಲ್ಲೇನವ್ವಾ?"
"ನನಗೂ ಇಲ್ಲಪ್ಪೋ."
ಇಬ್ಬರೂ ಸುರಿದು ಕುಡಿದೆವು.

ಹನ್ನೊಂದಕ್ಕೆ ಕರೆಂಟು ಹೋಯಿತು.
ಹೆಂಚುಗಳು ಹಲ್ಲು ಕಡಿಯತೊಡಗಿದವು.
ಜೊತೆಗೆ ಇನ್ನಿಬ್ಬರು ಏಳುವ ತನಕ
ಯಾವ ಹೆಂಗಸೂ ಪಾಯಿಖಾನೆಗೆ ಏಳಲಿಲ್ಲ.
ನಕ್ಷೆಯಲ್ಲಿ ಹದಿನೆಂಟು ಹೆಜ್ಜೆ ಇದ್ದ ದಾರಿ
ಕತ್ತಲಲ್ಲಿ ಎಷ್ಟು ಉದ್ದವೆಂದು
ಏಪ್ರಿಲ್‌ಗೆ ಗೊತ್ತಿರಲಿಲ್ಲ.

ಒಂದು ಗಂಟೆಗೆ ಎಣಿಸಿದೆ.
ಮಲಗಿದವರ ಮುಸುಕೆತ್ತಿ ಮುಖ ನೋಡುವುದು ಹೇಗೆ?
ಪಾದ ಎಣಿಸಿ ಎರಡರಿಂದ ಭಾಗಿಸಿದೆ.
ಎಂಬತ್ತೊಂದೂವರೆ.
ಯಾರದೋ ಮಗು ಒಂದು ಕಾಲು ಮಡಚಿಟ್ಟಿತ್ತು, ಸಿಕ್ಕಿತು.
ಎಂಬತ್ತೆರಡು.

ಬಲೆಯ ಪಕ್ಕದ ಚಾಪೆ ಬರಿದು.
ಹೆಂಡತಿ ಎಚ್ಚರವೇ ಇದ್ದಳು.
"ದೋಣಿಯ ಹಗ್ಗ ನೋಡ್ಲಿಕ್ಕೆ."
"ಏನು ಹೇಳಿ ಹೋದರು?"
"ಬರ್ಪೆ ಅಂದ್ರು."
ಈ ಊರಲ್ಲಿ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ.
ನಮ್ಮೂರಲ್ಲೂ ಇಲ್ಲ.

ಎರಡಕ್ಕೆ ಕಂಟ್ರೋಲ್ ರೂಮಿನ ಫೋನು: ಒಟ್ಟು ಎಷ್ಟು?
ನಾಲಗೆಯ ಮೇಲೆ ಎರಡು ಸಂಖ್ಯೆ.
"ಎಂಬತ್ತಮೂರು" ಎಂದೆ.
ನೌಕರಿಯಲ್ಲಿ ನಾನು ಹೇಳಿದ ಮೊದಲ ಸುಳ್ಳೇನಲ್ಲ.
ನಿಜವಾಗಲೆಂದು ಕೈಮುಗಿದ ಮೊದಲ ಸುಳ್ಳು.

ಆಮೇಲೆ ಲಚ್ಚಜ್ಜಿಯ ಪಕ್ಕ ಕಿಟಕಿಗೆ ಕೂತೆ.
ಬೀಗ ಮಡಿಲಲ್ಲಿಟ್ಟು ಅವಳು
ಗಾಳಿಯನ್ನು ಕಿವಿಯಲ್ಲೇ ತೂಗುತ್ತಿದ್ದಳು.
"ಇನ್ನೂ ತೆಂಕಣ... ಇನ್ನೂ..."

ನಾಲ್ಕೂಕಾಲಿಗೆ ಹೊಸ್ತಿಲಲ್ಲಿ ನೀರು ತೊಟ್ಟಿಕ್ಕಿತು.
ಸಂಕಪ್ಪ. ಹೆಗಲ ಮೇಲೆ ಹಗ್ಗ, ತುಂಡು.
ಯಾರೂ ದೋಣಿಯ ಮಾತೆತ್ತಲಿಲ್ಲ.
ಅವನು ಬಲೆಗೆ ತಲೆಯಿಟ್ಟು ಮಲಗಿದ.
ದೂಮಪ್ಪ ಎದ್ದುಹೋಗಿ ಹಲಗೆಯ ಅಂಕಿ ತಿದ್ದಿದ.
ತಿದ್ದುವುದೇನೂ ಇರಲಿಲ್ಲ.
ಇದ್ದ ಮೂರರ ಮೇಲೆ ಇನ್ನೊಂದು ಮೂರು, ಒತ್ತಿ.

ಈಗ ಹೊಸ ಯೋಜನೆ ಬರೆಯುತ್ತಿದ್ದೇನೆ.
ಬಲೆಗೆ ಹದಿನಾಲ್ಕು ಚದರ ಮೀಟರು.
ಕೋಳಿಗೆ ಜಗಲಿ.
ಹದಿನೆಂಟು ಹೆಜ್ಜೆಗೆ ಆರು ಲಾಂದ್ರ.
ಕುಚ್ಚಲಕ್ಕಿ. ಜೋಳದ ಹಿಟ್ಟು ಐದು ಕಿಲೋ, ಇರಲಿ.
ಷರಾ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ.

ಶಾಲೆ ತೆರೆದ ದಿನ ಮಕ್ಕಳು ಹಲಗೆ ಒರೆಸಿದರಂತೆ.
ಆ ಮೂರು ಹೋಗಲಿಲ್ಲವಂತೆ.
ಮಾಸ್ಟ್ರು ಅದರ ಪಕ್ಕಕ್ಕೇ
ಅ ಬರೆದರಂತೆ.