ಕೋರಂ

ನೂರು ತಲೆ ಬೇಕಂತೆ.
ಎಣಿಸಿದರೆ ತೊಂಬತ್ತೊಂದು.

ಅಧ್ಯಕ್ಷರ ಕುರ್ಚಿಯಲ್ಲಿ ಮುಳಬಾಗಿಲಿನ ದನದ ಡಾಕ್ಟರು.
ನಮ್ಮ ಪಂಚಾಯ್ತಿಯ ಅವಧಿ ಮುಗಿದು ಹತ್ತು ತಿಂಗಳು,
ಚುನಾವಣೆ ಇವತ್ತು ನಾಳೆ ಎನ್ನುತ್ತಲೇ
ಇವರನ್ನು ಆಡಳಿತಾಧಿಕಾರಿ ಎಂದು ಕೂರಿಸಿದ್ದಾರೆ.
ಒಳ್ಳೆಯವರು. ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಾರೆ,
ಕರು ಹಾಕುವ ಹಸುವಿನ ಪಕ್ಕ ಕಾದಂತೆ.

ಹುಳು ನಾಲ್ಕನೇ ಜ್ವರದಿಂದ ಎದ್ದಿವೆ,
ಸೊಪ್ಪು ಕೊಯ್ಯುವವರು ಬರಲಾರರು.
ಟೊಮೆಟೊ ಬಾಕ್ಸು ವಡ್ಡಹಳ್ಳಿ ಮಂಡಿಗೆ ಹೊರಟಿವೆ,
ಜೊತೆಗೆ ಎರಡು ಬೀದಿಯ ಗಂಡಸರು.
'ಮುಂದೂಡೋಣ' ಎಂದು ಕಾರ್ಯದರ್ಶಿ
ನಡಾವಳಿ ಪುಸ್ತಕ ಮುಚ್ಚಿದ.

ಹಳೇ ಮೆಂಬರು ಆವುಲಮ್ಮ ಎದ್ದಳು.
ಮೀಸಲು ಸೀಟಿಗೆ ಗೆದ್ದು, ಮೊದಲ ವರ್ಷ
ಗಂಡ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ,
ಎರಡನೇ ವರ್ಷ ಅವನನ್ನು ಬಾಗಿಲಾಚೆ ನಿಲ್ಲಿಸಿ,
ಮೂರನೇ ವರ್ಷ ಅಂದಾಜುಪಟ್ಟಿ ಓದಿದವಳು.

'ಪಂಚಾಯ್ತಿಗೆ ಐದೇ ವರ್ಷ ಆಯಸ್ಸು ಅಂತ ಬರೆದಿಟ್ಟಿದ್ದಾರೆ.
ಅದು ಹೋಯ್ತು. ಹೆಣ ಎತ್ತೋದಕ್ಕೂ ಮುಹೂರ್ತ ನೋಡ್ತಿದ್ದೀರಿ.
ಗ್ರಾಮಸಭೆಗೆ ಆಯಸ್ಸು ಬರೆದಿದ್ದಾರಾ? ಹುಡುಕಿ.
ಓಟರ್ ಪಟ್ಟಿಯಲ್ಲಿ ನಮ್ಮ ಹೆಸರಿರೋ ತನಕ ಅದು ಸಾಯಲ್ಲ.
ಅದನ್ಯಾಕೆ ಮುಂದೂಡ್ತೀರಿ?'

ಡಾಕ್ಟರು ನೆಲ ನೋಡಿದರು.

ನಾನು ನೀರು ಬಿಡುವವನು. ಮಾತು ಬರುವುದಿಲ್ಲ.
ಮೆಲ್ಲಗೆ ಹೋಗಿ ಮೇಲಿನ ಬೀದಿಯ ವಾಲ್ವು
ಪೂರಾ ತಿರುಗಿಸಿ ಬಂದೆ.

ಹತ್ತು ನಿಮಿಷ.
ಖಾಲಿ ಬಿಂದಿಗೆ ಸೊಂಟಕ್ಕಿಟ್ಟು
'ನೀಳ್ಳೆಕ್ಕಡರಾ ಪಾಪಣ್ಣಾ' ಎಂದು
ನನ್ನ ಏಳು ತಲೆಮಾರು ತೊಳೆಯುತ್ತ
ಎಂಟು ಜನ ಸ್ಕೂಲಿನ ಅಂಗಳಕ್ಕೆ ಬಂದರು.
ಆವುಲಮ್ಮ ಅವರನ್ನು ಕೂರಿಸಿದಳು. ಬಿಂದಿಗೆಗಳನ್ನೂ.

ತೊಂಬತ್ತೊಂಬತ್ತು.

ಡೆಲ್ಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಜಿಲ್ಲೆಗೆ,
ತಾಲ್ಲೂಕಿಗೆ, ಹೀಗೆ ಇಳಿಯುತ್ತ ಬರುತ್ತದಂತೆ ಅಧಿಕಾರ.
ಪೈಪಿನ ಕೊನೆಯ ಮನೆಯ ನಲ್ಲಿ
ಹೇಗೆ ಉಸಿರು ಬಿಡುತ್ತದೆಂದು ನನಗೆ ಗೊತ್ತು.

ಒಂದು ಕಡಿಮೆ. ಎಲ್ಲರೂ ರಸ್ತೆ ನೋಡಿದರು.
ಡಾಕ್ಟರು ನನ್ನ ಕೈಯ ವಾಲ್ವು ಕೀ ನೋಡಿದರು.
'ನೀನು?'
'ವಾಟರ್‌ಮ್ಯಾನು ಸಾರ್.'
'ಅದಲ್ಲ. ಇಲ್ಲಿ ಓಟಿದೆಯಾ?'

ಇದೆ. ಭಾಗ ಎರಡು, ಕ್ರಮಸಂಖ್ಯೆ ಮುನ್ನೂರ ಹದಿನಾಲ್ಕು.
ಹದಿನಾರು ವರ್ಷ ಈ ಸಭೆಗೆ ಬೆಂಚು ಹೊತ್ತವನು
ಕೂತದ್ದು ಅವತ್ತೇ.

ಠರಾವು ಬರೆದರು: ಚುನಾವಣೆ ಕೂಡಲೇ ನಡೆಸಬೇಕು.
ಎರಡನೆಯದನ್ನು ಆವುಲಮ್ಮ
ನನ್ನ ಕಡೆ ನೋಡುತ್ತಲೇ ಬರೆಸಿದಳು:
ಸಭೆಯ ಹೊತ್ತಿನಲ್ಲಿ ನೀರು ನಿಲ್ಲಿಸಕೂಡದು.

ನಾನೂ ಕೈ ಎತ್ತಿದೆ,
ಕೀ ಹಿಡಿದ ಕೈಯನ್ನೇ.