ನಾಲ್ಕು, ಒಂದು, ಆರು

ಮುಹರ್ರಕ್‌ನ ಈ ಗಲ್ಲಿಯೊಳಗೆ ವ್ಯಾನು ನುಗ್ಗುವುದಿಲ್ಲ.
ಸಿಲಿಂಡರು ಹೆಗಲಿಗೆ, ಏಣಿ ಕಂಕುಳಿಗೆ,
ರೊಟ್ಟಿ ಸುಡುವ ಇರಾನಿಯನ್ನು ದಾಟಿ, ಪುಡಿ ಉದುರುವ ಹವಳಗಲ್ಲಿನ ಗೋಡೆ ದಾಟಿ
ತಿಂಗಳ ಮೊದಲ ಬುಧವಾರ ನಾನು
ಮಹನೀಯರ ಮನೆಗೆ ಬರುತ್ತೇನೆ.

ಘಾನಿಮ್ ಬಿನ್ ಸಲ್ಮೀನ್ ಹನ್ನೆರಡರವರೆಗೆ
ಬೆಳೆದ ಮನೆ. ಈಗ ಟಿಕೆಟ್ಟು ಒಂದು ದಿನಾರು,
ನನಗೆ ಪುಕ್ಕಟೆ.
ಅವರು ಕಂಡುಹಿಡಿದ ವಾಲ್ವು, ಉಪ್ಪುಗಾಳಿಗೂ ತುಕ್ಕು ಹಿಡಿಯದ್ದು,
ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ, ಒಂದೇ ಒಂದು.
ನನ್ನ ಚೀಲದಲ್ಲಿ ಸದಾ ಮೂರಿರುತ್ತವೆ,
ಹಳೇ ಬನಿಯನ್ನಿನಲ್ಲಿ ಸುತ್ತಿ.

ತೊಟ್ಟಿಲು, ತಾಯಿಯ ಹೊಲಿಗೆ ಮಿಷನ್ನು,
ಮುತ್ತಿಗೆಂದು ಮುಳುಗುತ್ತಿದ್ದ ಅಪ್ಪನ ಮೂಗಿನ ಚಿಮಟ.
ಎಲ್ಲವೂ ಇಪ್ಪತ್ತೆರಡು ಡಿಗ್ರಿಯಲ್ಲಿರಬೇಕು.
ಅಷ್ಟು ತಂಪು ಆ ಚಿಮಟಕ್ಕೆ ಹಿಂದೆ
ಕಡಲ ತಳದಲ್ಲಷ್ಟೇ ಸಿಕ್ಕಿರಬೇಕು.

ನಡುಕೋಣೆಯ ತಲೆಯ ಮೇಲೆ ಗಾಳಿಗೋಪುರ.
ಹಾದುಹೋಗುವ ಗಾಳಿಯನ್ನು ಕಿವಿ ಹಿಡಿದು ಎಳೆತಂದು
ಚಾಪೆಯ ಮೇಲಿನ ಹುಡುಗನ ಹೊಟ್ಟೆಗೆ ಸುರಿಯುತ್ತಿದ್ದದ್ದು.
ಈಗ ಅದರ ಬಾಯಿಗೆ ಪ್ಲೈವುಡ್ಡು, ಸುತ್ತ ಸಿಲಿಕಾನು.
ತಂಪು ಸೋರಬಾರದೆಂದು
ಆರು ವರ್ಷದ ಹಿಂದೆ ಮುಚ್ಚಿದವನು ನಾನೇ.

ಅದರ ಕೆಳಗೊಂದು ಪೆಟ್ಟಿಗೆ, ಒಳಗೆ ನೋಟ್‌ಬುಕ್ಕು.
ಫಲಕ ಹೇಳುತ್ತದೆ: ಬಾಲಕ ತಾನೇ ಕಟ್ಟಿಕೊಂಡ ಗುಪ್ತಲಿಪಿ,
ಈವರೆಗೆ ಯಾರಿಗೂ ಬಿಡಿಸಲಾಗಿಲ್ಲ.
ಎಷ್ಟೋ ಬುಧವಾರ ಅದಕ್ಕೆ ಬೆನ್ನು ಹಾಕಿ ಫಿಲ್ಟರು ತೊಳೆದಿದ್ದೇನೆ.
ಈ ಸಲ ಏಣಿ ಊರಲು ಪೆಟ್ಟಿಗೆ ಸರಿಸಿದೆವು,
ನಾನೂ ಕಾವಲಿನ ತಿಲಕ್ ಥಾಪಾನೂ.
ಸರಿಸುವಾಗ ಕಣ್ಣು ಬಿತ್ತು.

೪. ೧. ೬. ೩. ೭.

ಗಂಗೊಳ್ಳಿ ಶಾಲೆಯ ಸ್ಲೇಟಿನಿಂದ ಎದ್ದು ಬಂದ ಹಾಗೆ.
ಮೂರರ ಬಾಲ ಕೂಡ ಸರಿಯಾಗಿಯೇ ಇತ್ತು.

ಓದಲು ಬಂತು. ತಿಳಿಯಲಿಲ್ಲ.
ನಾಲ್ಕರ ಎದುರು ಒಂದು ಗೆರೆ, ಒಂದರ ಎದುರು ಎರಡು,
ಆರರ ಎದುರು ಮೂರು.
ಇದ್ಯಾವ ಮಗ್ಗಿ?
ನಮ್ಮ ಮೇಷ್ಟ್ರಾಗಿದ್ದರೆ ಕಿವಿ ಹಿಂಡುತ್ತಿದ್ದರು.

ಹತ್ತಿದೆ. ಬೂಷ್ಟು ಹಿಡಿದ ಅಂಚು ಕೊಯ್ದು ಹಲಗೆ ಇಳಿಸಿದರೆ
ಗೋಪುರದ ಕತ್ತಲು, ಪಾರಿವಾಳದ ಹಿಕ್ಕೆ,
ಮೆಟ್ಟಿಲಿನಂತೆ ಅಡ್ಡಕ್ಕೆ ಐದು ತೊಲೆ.
ಟಾರ್ಚು ಹಿಡಿದೆ. ಪ್ರತಿ ತೊಲೆಯ ಹೊಟ್ಟೆಯಲ್ಲೂ
ಉಳಿಯಲ್ಲಿ ಕೊರೆದ ಒಂದು ಅಂಕಿ.
ಹಂಗಾರಕಟ್ಟೆಯವನೋ ಹೊನ್ನಾವರದವನೋ, ಯಾವನೋ ಆಚಾರಿ
ಮಂಜಿಗೆ ತುಂಬುವ ಮುಂಚೆ ಲೆಕ್ಕಕ್ಕೆಂದು ಹಾಕಿದ ಗುರುತು.
ಇಲ್ಲಿನ ಮೇಸ್ತ್ರಿಗೆ ಅದು ಅಂಕಿಯೆಂದೇ ಗೊತ್ತಿಲ್ಲ,
ಕೈಗೆ ಸಿಕ್ಕಂತೆ ಏರಿಸಿದ್ದಾನೆ:
ನಾಲ್ಕು, ಒಂದು, ಆರು, ಮೂರು, ಏಳು.

ಪ್ರತಿ ತೊಲೆಗೂ ನೂಲಿನ ಒಂದು ತುಂಡು ಜೋತಿತ್ತು.
ಅಮ್ಮನ ಮಿಷನ್ನಿನದೇ ಇರಬೇಕು.
ಅಂಗಾತ ಮಲಗಿ, ನಿದ್ದೆ ಬಾರದ ಮಧ್ಯಾಹ್ನಗಳಲ್ಲಿ
ಗಾಳಿ ಎಷ್ಟು ಇಳಿಯಿತೆಂದು ಹುಡುಗ ಅಳೆದದ್ದು ಹೀಗೆ.
ಅವನಿಗೆ ನಾಲ್ಕೇ ಒಂದು. ಒಂದೆಂದರೆ ಎರಡು.
ಆರರ ನೂಲು ಅಲುಗಿದರೆ ಅರ್ಧ ದಾರಿ.

ಅಲುಗಿತು.
ಧಗೆ, ಧೂಳು, ಒಣಮೀನಿನ ವಾಸನೆ ಒಟ್ಟಿಗೇ ಮುಖಕ್ಕೆ.
ಗೋಡೆಯ ಥರ್ಮೋಸ್ಟಾಟು ಕೂಗಿಕೊಂಡಿತು,
ಇಪ್ಪತ್ತಾರು, ಇಪ್ಪತ್ತೊಂಬತ್ತು.
ಮುಚ್ಚು ಭಾಯಿ, ಎಂದ ತಿಲಕ್, ಮೇಡಂ ಬಂದರು.

ಲೂಲ್ವಾ ಮೇಡಂಗೆ ಹೇಳೋಣವೆಂದುಕೊಂಡೆ.
ನನ್ನ ಅರಬಿಯಲ್ಲಿ ಗ್ಯಾಸು, ನೀರು, ನಾಳೆ, ಸಂಬಳ,
ಇಷ್ಟೇ ಇವೆ.
ನೋಟ್‌ಬುಕ್ಕು ತೋರಿಸಿ, "ಮೇಡಂ, ಇದು ನಮ್ಮದು" ಎಂದೆ.
ನನ್ನ ಬೆರಳಿನ ಗುರುತನ್ನು ಗಾಜಿನಿಂದ ಒರೆಸುತ್ತ ಅವರು ನಕ್ಕರು:
"ಹೌದು, ಹೌದು, ಎಲ್ಲರದೂ."

ನಾನು ಹೇಳಿದ್ದೂ ಪೂರ್ತಿ ನಿಜವಲ್ಲ.
ನಮ್ಮ ನಾಲ್ಕು ಯಾವತ್ತೂ ಒಂದಾಗಿರಲಿಲ್ಲ.

ಹಲಗೆ ಕೂರಿಸಿದೆ. ಹೊಸ ಸಿಲಿಕಾನು ಬಳಿಯುವಾಗ
ಒಂದು ಬೆರಳಗಲ ಬಿಟ್ಟೆ, ಮರೆತೆನೋ ಎಂಬಂತೆ.
ಚೀಟಿಯಲ್ಲಿ ಮೂರು ಮಿಷನ್ನಿಗೆ ಮೂರು ಖಾನೆ,
ನಂಬರು ತುಂಬಿ ಸಹಿ ಹಾಕಿ ಕೊಟ್ಟೆ.

ಸಂಜೆ ಆಫೀಸಿನಿಂದ ಪಿಳ್ಳೆ ಫೋನು ಮಾಡಿದ:
ಖಾರ್ವೀ, ಇದೇನಯ್ಯಾ ಗೀಚಿದ್ದೀ,
ಯಾವ ಭಾಷೆ ಇದು?